ಬೆರಳಲ್ಲಿ ಓದುವ ಲೆಕ್ಕ

ಕಣ್ಣು ಕಾಣದ ಮಗುವಿಗೆ ಹುಣಸೆ ಬೀಜ ಎಣಿಸುವುದು ಕಷ್ಟವಲ್ಲ. ಅಳಗುಳಿಮಣೆ ಮುಂದಿಟ್ಟರೆ ಯಾವ ಗುಳಿಯಲ್ಲಿ ಎಷ್ಟು ಕಾಳಿವೆ ಎಂದು ಮುಟ್ಟಿಯೇ ಹೇಳುತ್ತದೆ. ಕಷ್ಟ ಶುರುವಾಗುವುದು 347ಕ್ಕೆ 285 ಕೂಡಿಸು ಎಂದಾಗ. ಕಾಣುವ ಮಕ್ಕಳು ಸ್ಲೇಟಿನ ಮೇಲೆ ಬರೆದುಕೊಂಡು ಕೂಡುತ್ತಾರೆ. ಕಾಣದ ಮಗು ಎಲ್ಲವನ್ನೂ ತಲೆಯಲ್ಲೇ ಹಿಡಿದಿಟ್ಟುಕೊಳ್ಳಬೇಕು. ಅದು ತಡವರಿಸಿದರೆ ‘ಗಣಿತ ನಿನಗಲ್ಲ ಬಿಡು’ ಎಂದುಬಿಡುತ್ತೇವೆ. ಕೊರತೆ ಇರುವುದು ಮಗುವಿನ ಬುದ್ಧಿಯಲ್ಲಲ್ಲ, ಮುಟ್ಟಿ ಓದುವ ಸ್ಲೇಟು ಇಲ್ಲದಿರುವುದರಲ್ಲಿ.

ಅಂಥ ಸ್ಲೇಟನ್ನು ಸುಮಾರು 300 ವರ್ಷಗಳ ಹಿಂದೆಯೇ ಒಬ್ಬರು ಮಾಡಿಕೊಂಡಿದ್ದರು. ಅವರು ನಿಕೋಲಸ್ ಸಾಂಡರ್ಸನ್. 1682ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಹಳ್ಳಿಯೊಂದರಲ್ಲಿ ಹುಟ್ಟಿದವರು. ಒಂದು ವರ್ಷದ ಕೂಸಾಗಿದ್ದಾಗಲೇ ಸಿಡುಬು ಬಂದು ಕಣ್ಣು ಹೋಯಿತು. ಅವರು ಹಲಗೆಯಲ್ಲಿ ಚೌಕಗಳನ್ನು ಮಾಡಿ, ಚೌಕಕ್ಕೆ ಒಂಬತ್ತು ತೂತು ಇಟ್ಟುಕೊಂಡರು. ನಡುವಿನ ತೂತಿನಲ್ಲಿ ದೊಡ್ಡ ತಲೆಯ ಗುಂಡುಸೂಜಿ ಒಂದೇ ಇದ್ದರೆ ಸೊನ್ನೆ, ಸಣ್ಣದಿದ್ದರೆ ಒಂದು. ನಡುವೆ ದೊಡ್ಡದು, ಸುತ್ತಲಿನ ಎಂಟು ತೂತುಗಳಲ್ಲಿ ಒಂದರಲ್ಲಿ ಸಣ್ಣದು ಇದ್ದರೆ ಎರಡರಿಂದ ಒಂಬತ್ತು. 1711ರಲ್ಲಿ ಅವರು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕರಾದರು. ಹಿಂದೆ ನ್ಯೂಟನ್ ಕೂತಿದ್ದ ಪೀಠವದು!

ಎರಡು ಬಗೆಯ ಸೂಜಿ ಹುಡುಕುವ ತಾಪತ್ರಯವನ್ನು 19ನೇ ಶತಮಾನದಲ್ಲಿ ಯಾರ್ಕ್ ಅಂಧರ ಶಾಲೆಯ ವಿಲಿಯಂ ಟೇಲರ್ ತಪ್ಪಿಸಿದರು. ಅವರ ಹಲಗೆಯಲ್ಲಿ ಎಂಟು ಮೂಲೆಯ ತೂತುಗಳು, ಹಾಕಲು ಒಂದೇ ಬಗೆಯ ಲೋಹದ ಅಚ್ಚು. ಅಚ್ಚಿನ ಒಂದು ತುದಿಯಲ್ಲಿ ಉಬ್ಬುಗೆರೆ, ಇನ್ನೊಂದರಲ್ಲಿ ಎರಡು ಚುಕ್ಕೆ. ಯಾವ ತುದಿ ಮೇಲಿದೆ, ಯಾವ ಕಡೆ ತಿರುಗಿದೆ ಎನ್ನುವುದರ ಮೇಲೆ 16 ಗುರುತುಗಳು ಸಿಗುತ್ತವೆ. ಅಂಕಿಗಳ ಜೊತೆಗೆ ಕೂಡು, ಕಳೆ ಚಿಹ್ನೆಗಳೂ ಬಂದವು.

1962ರಲ್ಲಿ ಅಮೆರಿಕದ ಕೆಂಟಕಿಯ ಟಿಮ್ ಕ್ರಾನ್ಮರ್, ಸ್ವತಃ ಅಂಧರು, ಜಪಾನಿನ ಮಣಿಚೌಕಟ್ಟನ್ನು ಕೈಗೆತ್ತಿಕೊಂಡರು. ಅದರಲ್ಲಿ ಒಂದು ತೊಂದರೆಯಿತ್ತು: ಓದಲು ಬೆರಳು ತಾಗಿಸಿದರೆ ಮಣಿ ಜಾರಿ ಲೆಕ್ಕವೇ ಕೆಡುತ್ತಿತ್ತು. ಕ್ರಾನ್ಮರ್ ಮಣಿಗಳ ಹಿಂದೆ ಮೆತ್ತನೆಯ ಬಟ್ಟೆ ಕೂರಿಸಿದರು. ಮಣಿ ಸರಿಸಿದಲ್ಲೇ ನಿಂತಿತು. 13 ಕಂಬಿಗಳ ಆ ಚೌಕಟ್ಟಿನಲ್ಲಿ ಮೇಲಿನ ಒಂದು ಮಣಿಗೆ ಐದರ ಬೆಲೆ, ಕೆಳಗಿನ ನಾಲ್ಕಕ್ಕೆ ಒಂದೊಂದರ ಬೆಲೆ.

ಟೇಲರ್ ಹಲಗೆ, ಅಬ್ಯಾಕಸ್ ಎರಡೂ ನಮ್ಮ ದೇಶದ ಅಂಧರ ಶಾಲೆಗಳಿಗೂ ಬಂದಿವೆ. ಆದರೆ ಊರ ಶಾಲೆಗೆ ಹೋಗುವ ಮಗುವಿಗೆ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ, ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಇರುವ ವಿದ್ಯಾರ್ಥಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ಸೂಕ್ತ ಸಾಧನಗಳನ್ನು ಉಚಿತವಾಗಿ ಕೊಡಬೇಕು. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಅಂಥ ಮಗುವಿದ್ದರೆ ಹೆಡ್‌ಮಾಸ್ಟರನ್ನು ಕೇಳಿ, ತಾಲ್ಲೂಕಿನ ಬಿ.ಆರ್.ಸಿ.ಯಲ್ಲಿ ವಿಚಾರಿಸಿ. ಅದು ಬರುವ ತನಕ ಹುಣಸೆ ಬೀಜ ಇದ್ದೇ ಇದೆ, ಎಣಿಕೆ ನಿಲ್ಲಿಸಬೇಡಿ.