ಕಡಲ ಬೇಲಿಯ ಗುಲಾಬಿ, ಬಯಲುಸೀಮೆಯ ನೀರು

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬಸ್ಸಿನಲ್ಲಿ ನೀವು ಕಿಟಕಿಯ ಪಕ್ಕ ಕುಳಿತಿದ್ದೀರಿ ಎಂದು ಭಾವಿಸಿಕೊಳ್ಳಿ. ಶೇಂಗಾ ಹೊಲಗಳು, ಕುರಿಮಂದೆಗಳು, ಜಾಲಿಮರಗಳು, ಬಂಡೆಗುಡ್ಡಗಳು ಒಂದಾದ ಮೇಲೊಂದು ಹಿಂದೆ ಸರಿಯುತ್ತವೆ. ಸಮುದ್ರ ಇಲ್ಲಿಗೆ ಬಹಳ ದೂರ. ಆದರೂ ಬಸ್ಸಿನಿಂದಿಳಿದು, ಬೇಸಿಗೆಯಲ್ಲಿ ವೇದಾವತಿಯ ಒಣ ಪಾತ್ರದಲ್ಲಿ ಸ್ವಲ್ಪ ನಡೆದು ನೋಡಿ. ಕಾಲಡಿಯಲ್ಲಿ ಮರಳು, ಮುಖಕ್ಕೆ ಬಡಿಯುವ ಗಾಳಿ, ಹೊಲದ ತಗ್ಗಿನಲ್ಲಿ ಅಲ್ಲಲ್ಲಿ ಬಿಳಿಯ ಉಪ್ಪು ಮೇಲೆದ್ದ ಚೌಳು ನೆಲ. ಮರಳು, ಗಾಳಿ, ಉಪ್ಪು ಮೂರೂ ಇವೆ. ಕಡಲೊಂದೇ ಇಲ್ಲ.

ಇದು ನನ್ನ ಗಮನಕ್ಕೆ ಬಂದದ್ದು ಒಂದು ಗುಲಾಬಿ ಗಿಡದಿಂದ. ಕೆಲವು ವರ್ಷಗಳ ಹಿಂದೆ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆಂದು ಈ ಭಾಗದ ಒಂದು ಶಾಲೆಗೆ ನಮ್ಮ ತಂಡ ಹೋಗಿತ್ತು. ಮಕ್ಕಳಿಗೆ ಉಡುಗೊರೆಯಾಗಿ ಆರು ಗುಲಾಬಿ ಸಸಿಗಳನ್ನು ಒಯ್ದಿದ್ದೆ. ಕರಾವಳಿಯ ಸ್ನೇಹಿತರ ಅಂಗಳದಲ್ಲಿ ಮೊಣಕಾಲೆತ್ತರದ ಪೊದೆಯಾಗಿ, ತುಂಬ ತಿಳಿಗೆಂಪು ಹೂ ಬಿಟ್ಟು ನಿಂತಿದ್ದ ಗಿಡದ ಜಾತಿ ಅದು. ಉಪ್ಪುಗಾಳಿಯಲ್ಲಿ ಬದುಕುವ ಗಿಡ ಇಲ್ಲಿ ಬದುಕದೆ ಇರುತ್ತದೆಯೇ ಎಂಬ ಧೈರ್ಯ ನನ್ನದು. ನಾಲ್ಕು ತಿಂಗಳ ನಂತರ ಮತ್ತೆ ಹೋದಾಗ ಆರೂ ಒಣಗಿದ್ದವು. ಎಲೆಗಳ ಅಂಚು ಬೆಂಕಿ ತಾಗಿದಂತೆ ಕಂದಿ ಸುರುಟಿತ್ತು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಪ್ಪು ಮಾಡಿದವಳಂತೆ ಹೇಳಿದಳು: "ಸಾರ್, ದಿನಾ ನೀರು ಹಾಕ್ತಿದ್ವಿ. ಶುದ್ಧ ನೀರಿನ ಘಟಕದಲ್ಲಿ ಸುಮ್ನೆ ಹರಿದು ಹೋಗ್ತಿತ್ತಲ್ಲ, ಆ ನೀರೇ ಹಾಕಿದ್ವಿ."

ತಪ್ಪು ಅವಳದಲ್ಲ, ವಿಜ್ಞಾನದ ಪದವಿ ಪಡೆದ ನನ್ನದು. ಅದು ಹೇಗೆಂದು ತಿಳಿಯಲು ಈ ಹೂವಿನ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಮೊದಲು ಹೆಸರು. ಪಾರಸಿ ಭಾಷೆಯಲ್ಲಿ 'ಗುಲ್' ಎಂದರೆ ಹೂ, 'ಆಬ್' ಎಂದರೆ ನೀರು. ಹೂವಿನಿಂದ ಬಟ್ಟಿಯಿಳಿಸಿದ ಸುಗಂಧಜಲಕ್ಕಿದ್ದ ಹೆಸರು ನಮ್ಮಲ್ಲಿಗೆ ಬರುವಷ್ಟರಲ್ಲಿ ಹೂವಿಗೇ ಅಂಟಿಕೊಂಡು 'ಗುಲಾಬಿ' ಆಯಿತು. ಆ ಸುಗಂಧಜಲವನ್ನು ಕನ್ನಡದವರು ಪನ್ನೀರು ಎಂದರು. ಅಂದರೆ ಹನಿಯ ನೀರು, ತಂಪಿನ ನೀರು. ಎರಡು ಹೆಸರಿನಲ್ಲೂ ನೀರಿದೆ ಎಂಬುದನ್ನು ನೆನಪಿಡಿ.

ಗಿಡಗಳು ಊರಿಂದೂರಿಗೆ ಹೋಗುವುದು ಹೊಸ ಸಂಗತಿಯಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರು ಅಶೋಕನ ಶಾಸನವನ್ನು ಬೆಳಕಿಗೆ ತಂದರು. ಅದೇ ಅಶೋಕ ಗಿರ್ನಾರ್ ಮುಂತಾದೆಡೆ ಬರೆಯಿಸಿದ ಎರಡನೆಯ ಬಂಡೆಶಾಸನದಲ್ಲಿ, ಔಷಧಿಯ ಗಿಡಗಳು, ಬೇರುಗಳು, ಹಣ್ಣುಗಳು ಎಲ್ಲಿಲ್ಲವೋ ಅಲ್ಲಿಗೆ ತರಿಸಿ ನೆಡಿಸಿದೆನೆಂದು ಹೇಳಿಕೊಂಡಿದ್ದಾನೆ. 1779ರಲ್ಲಿ ಚಿತ್ರದುರ್ಗದ ಕೋಟೆಯನ್ನು ಗೆದ್ದ ಹೈದರಾಲಿ ಅದಕ್ಕೂ ಮೊದಲು, 1760ರಲ್ಲಿ, ಬೆಂಗಳೂರಿನ ಲಾಲ್‌ಬಾಗನ್ನು ಆರಂಭಿಸಿದ್ದ. ಗಿಡ ತರಿಸುವುದು ಅರಸರಿಗೆ ಹವ್ಯಾಸವೂ ಹೌದು, ಆಡಳಿತವೂ ಹೌದು. ಆದರೆ ನಮ್ಮ ಗುಲಾಬಿಯ ಕಥೆಯ ಮುಖ್ಯ ಘಟನೆ ನಡೆದದ್ದು ಅರಮನೆಯ ತೋಟದಲ್ಲಲ್ಲ, ಒಂದು ಬೇಲಿಯಲ್ಲಿ.

ಹಿಂದೂ ಮಹಾಸಾಗರದಲ್ಲಿ, ಮಡಗಾಸ್ಕರಿನ ಪೂರ್ವಕ್ಕೆ, ಇಂದು ರೆಯೂನಿಯನ್ ಎನ್ನುವ ದ್ವೀಪವಿದೆ. ಹಿಂದೆ ಅದನ್ನು ಬೂರ್ಬನ್ ದ್ವೀಪ ಎನ್ನುತ್ತಿದ್ದರು. ಅಲ್ಲಿನ ಜನ ಹೊಲದ ಸುತ್ತ ಗುಲಾಬಿಯನ್ನೇ ಬೇಲಿಯಾಗಿ ಹಾಕುತ್ತಿದ್ದರು. ಬೇಲಿಯಲ್ಲಿದ್ದದ್ದು ಎರಡು ಬಗೆ. ಒಂದು ಪಶ್ಚಿಮ ಏಷ್ಯ ಮೂಲದ, ಪರಿಮಳದ ಡಮಾಸ್ಕ್ ಗುಲಾಬಿ. ಇನ್ನೊಂದು ಚೀನದಿಂದ ಬಂದ, ವರ್ಷದಲ್ಲಿ ಮತ್ತೆ ಮತ್ತೆ ಹೂ ಬಿಡುವ ತಿಳಿಗೆಂಪು ಗುಲಾಬಿ. ಚೀನದ ಗುಲಾಬಿಗಳನ್ನು ಫ್ರೆಂಚರು ಬಂಗಾಳದ ಗುಲಾಬಿ ಎಂದೇ ಕರೆಯುತ್ತಿದ್ದರು. ಯೂರೋಪಿಗೆ ಹೋಗುವ ಹಡಗುಗಳು ಕಲ್ಕತ್ತೆಯ ಬಂದರನ್ನು ಹಾಯ್ದು ಹೋಗುತ್ತಿದ್ದುದರಿಂದ ಬಂದ ಹೆಸರಿದು.

1817ರ ಸುಮಾರಿಗೆ ನಿಕೊಲಾ ಬ್ರೆಯಾನ್ ಎಂಬ ಸಸ್ಯತಜ್ಞ ಫ್ರಾನ್ಸಿನಿಂದ ಆ ದ್ವೀಪದ ಸಸ್ಯೋದ್ಯಾನದ ಉಸ್ತುವಾರಿಗೆ ಬಂದ. ಬೇಲಿಯ ಎರಡು ಬಗೆಗಳೊಳಗೆ ತಾನಾಗಿಯೇ ಪರಾಗಸ್ಪರ್ಶವಾಗಿ ಹುಟ್ಟಿದ ಒಂದು ಹೊಸ ಗಿಡವನ್ನು ಅವನು ಗುರುತಿಸಿದ. ಊರವರು ಅದನ್ನು 'ಎದುವಾರ್' ಗುಲಾಬಿ ಎನ್ನುತ್ತಿದ್ದರು. ಬ್ರೆಯಾನ್ 1819ರಲ್ಲಿ ಅದರ ಬೀಜಗಳನ್ನು ಪ್ಯಾರಿಸ್ಸಿನ ಬಳಿಯ ತೋಟಗಾರ ಜಾಕ್ ಎಂಬವನಿಗೆ ಕಳಿಸಿದ. ಅಲ್ಲಿಂದ ಬೆಳೆದದ್ದೇ ಯೂರೋಪಿನ ತೋಟಗಳಲ್ಲಿ ಪ್ರಸಿದ್ಧವಾದ ಬೂರ್ಬನ್ ಗುಲಾಬಿಗಳ ಕುಲ. ಫ್ರೆಂಚರ ಎದುವಾರ್ ಇಂಗ್ಲಿಷರ ಬಾಯಲ್ಲಿ ಎಡ್ವರ್ಡ್ ಆಯಿತು. ನಮ್ಮ ದೇಶದ ತೋಟಗಾರರು ಇಂದಿಗೂ 'ಎಡ್ವರ್ಡ್ ಗುಲಾಬಿ' ಎನ್ನುವುದು ಇದನ್ನೇ. ಸೆಖೆಯ ನಾಡಿನ ಬೇಲಿಯಲ್ಲಿ ಹುಟ್ಟಿದ್ದರಿಂದ ಇದು ನಮ್ಮ ಬಿಸಿಲನ್ನು ತಡೆಯುತ್ತದೆ, ತುಂಡು ನೆಟ್ಟರೆ ಚಿಗುರುತ್ತದೆ.

ಕಡಲಿನ ಗುಲಾಬಿ ಇನ್ನೊಂದಿದೆ. ಜಪಾನಿನ ಮರಳು ದಂಡೆಗಳಲ್ಲಿ ಬೆಳೆಯುವ 'ರೋಸಾ ರುಗೋಸಾ'. ಉಪ್ಪನ್ನು ಅದರಷ್ಟು ಸಹಿಸುವ ಗುಲಾಬಿ ಅಪರೂಪ. ಚಳಿದೇಶಗಳ ಕಡಲತೀರದ ತೋಟಗಳಲ್ಲಿ ನೀವು ಚಿತ್ರಗಳಲ್ಲಿ ಕಾಣುವ ಕುಳ್ಳನೆಯ ತಿಳಿಗೆಂಪು ಪೊದೆಗಳು ಅನೇಕ ವೇಳೆ ಅದರ ಸಂತತಿ. ಆದರೆ ಅದು ಚಳಿಯ ಮಗು, ಚಳ್ಳಕೆರೆಯ ಏಪ್ರಿಲ್ ಅದಕ್ಕೆ ಹೇಳಿದ್ದಲ್ಲ.

ನಾವು ಅಂಗಡಿಯಿಂದ ತರುವ ಗುಲಾಬಿ ಸಾಮಾನ್ಯವಾಗಿ ಎರಡು ಗಿಡಗಳ ಕೂಟ. ಮೇಲೆ ಹೂವಿನ ಜಾತಿ, ಕೆಳಗೆ ಬೇರಿನ ಜಾತಿ, ನಡುವೆ ಕಣ್ಣು ಕಸಿ. ಬೇರಿಗಾಗಿ ನಮ್ಮ ದೇಶದಲ್ಲಿ ಎಡ್ವರ್ಡ್, ರೋಸಾ ಮಲ್ಟಿಫ್ಲೋರಾ, ರೋಸಾ ಇಂಡಿಕಾ ಒಡೊರಾಟಾ ಎಂಬ ಬಗೆಗಳನ್ನು ಬಳಸುತ್ತಾರೆ. ಇವುಗಳಲ್ಲಿ ಕ್ಷಾರದ ಮಣ್ಣಿಗೆ ಒಡೊರಾಟಾ ಹೆಚ್ಚು ಒಗ್ಗುತ್ತದೆ. ನಾನು ಹೂವಿನ ಬಣ್ಣ ಕೇಳಿದ್ದೆ, ಬೇರು ಯಾವುದೆಂದು ಕೇಳಿರಲಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ನೀರಿನದು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಅದು ಮಣ್ಣಿನ ಉಪ್ಪನ್ನೆಲ್ಲ ತೊಳೆದೊಯ್ಯುತ್ತದೆ, ಜಂಬಿಟ್ಟಿಗೆ ನೆಲ ಹುಳಿಯಾಗಿರುತ್ತದೆ. ಚಳ್ಳಕೆರೆ, ಮೊಳಕಾಲ್ಮೂರುಗಳಲ್ಲಿ ಮಳೆ ಸುಮಾರು 500 ಮಿಲಿಮೀಟರ್. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ! ಹೀಗಾಗಿ ಜನ ಆಳದ ಕೊಳವೆಬಾವಿಗಳನ್ನು ನಂಬಿದರು. ಅನೇಕ ಹಳ್ಳಿಗಳಲ್ಲಿ ಆ ನೀರಿನಲ್ಲಿ ಲವಣವೂ ಫ್ಲೋರೈಡೂ ಹೆಚ್ಚು. ಅದಕ್ಕೆಂದೇ ಶುದ್ಧೀಕರಣ ಘಟಕಗಳು ಬಂದವು. ಘಟಕವು ಒಂದು ಕಡೆ ಸಿಹಿನೀರನ್ನು ಕೊಡುವಾಗ, ಬೇರ್ಪಟ್ಟ ಲವಣಗಳೆಲ್ಲ ಇನ್ನೊಂದು ಕಡೆಯ ನೀರಿನಲ್ಲಿ ಸೇರಿ ಹೊರಬರುತ್ತವೆ. ಮಕ್ಕಳು ಜಿಪುಣತನದಿಂದಲ್ಲ, ಜಾಣತನದಿಂದಲೇ ಆ ನೀರನ್ನು ಉಳಿಸಿ ಗಿಡಕ್ಕೆ ಹಾಕಿದ್ದರು.

ಉಪ್ಪಿನಕಾಯಿಗೆ ಮಾವಿನ ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ಹೋಳು ನೀರು ಬಿಟ್ಟಿರುತ್ತದೆ, ನೋಡಿದ್ದೀರಲ್ಲ? ನಿಮ್ಮ ಪಠ್ಯದಲ್ಲಿ ಬರುವ ಅಭಿಸರಣ ಕ್ರಿಯೆ ಅದೇ. ಮಣ್ಣಿನ ನೀರು ಹೆಚ್ಚು ಉಪ್ಪಾದಾಗ ಬೇರು ಅದನ್ನು ಹೀರಲಾರದು. ಗಿಡ ಒದ್ದೆ ಮಣ್ಣಿನಲ್ಲಿ ನಿಂತೇ ಬಾಯಾರಿ ಸಾಯುತ್ತದೆ.

ಎರಡನೆಯ ಸಲ ನಾವು ಅಂಗಡಿಗೆ ಹೋಗಲಿಲ್ಲ. ಅದೇ ಊರಿನ ಅಜ್ಜಿಯೊಬ್ಬರ ಹಿತ್ತಲಲ್ಲಿ ಬಹಳ ವರ್ಷಗಳಿಂದ ಇದ್ದ ತಿಳಿಗೆಂಪು ನಾಟಿ ಗುಲಾಬಿಯಿಂದ ಪೆನ್ಸಿಲ್ ದಪ್ಪದ, ಗೇಣುದ್ದದ ತುಂಡುಗಳನ್ನು ಕೇಳಿ ತಂದೆವು. "ಕೊಡ ತೊಳೆದ ನೀರು ಹಾಕು ತಾಯಿ, ಸೋಪಿನ ನೀರು ಬ್ಯಾಡ" ಎಂದು ಅಜ್ಜಿ ಆ ಹುಡುಗಿಗೆ ಹೇಳಿಕೊಟ್ಟರು. ಮಳೆ ಚೆನ್ನಾಗಿ ಬೀಳುವ ಸೆಪ್ಟೆಂಬರಿನಲ್ಲಿ ಏರುಮಡಿಯಲ್ಲಿ ನೆಟ್ಟೆವು. ಗುಂಡಿಗೆ ಹಳೆಯ ಕುರಿಗೊಬ್ಬರ, ಸ್ವಲ್ಪ ಬೇವಿನ ಹಿಂಡಿ. ಎಣ್ಣೆ ಗಿರಣಿಗಳ ಊರಿನಲ್ಲಿ ಹಿಂಡಿಗೇನು ಕೊರತೆ! ಮಣ್ಣಿನ ತೇವ ಆರದಂತೆ ಮೇಲೆ ಶೇಂಗಾ ಸಿಪ್ಪೆಯ ಹೊದಿಕೆ. ಶಾಲೆಯ ಸೂರಿನ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದು, ದಿನಕ್ಕೊಂದು ಗುಟುಕಿನ ಬದಲು ನಾಲ್ಕೈದು ದಿನಕ್ಕೊಮ್ಮೆ ಬೇರಿನ ಕೆಳಗೂ ಇಳಿಯುವಷ್ಟು ಹಾಕಿದರು. ಹೀಗೆ ಹಾಕಿದರೆ ಉಪ್ಪು ಬೇರಿನ ಬಳಿ ನಿಲ್ಲದೆ ಕೆಳಕ್ಕಿಳಿಯುತ್ತದೆ. ಹತ್ತು ತುಂಡುಗಳಲ್ಲಿ ನಾಲ್ಕು ಬದುಕಿದವು. ಚಳಿಗಾಲ ಮುಗಿಯುವ ಮೊದಲೇ ಒಂದು ಹೂ ಬಿಟ್ಟಿತು.

ಕುಡಿಯುವ ನೀರಿಗೇ ಪರದಾಡುವ ಊರಿನಲ್ಲಿ ಹೂವಿನ ತೋಟ ಬೇಕೇ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಮನೆಯವರ ಕೊಡದಿಂದ ಕಸಿದು ಹಾಕುವುದಾದರೆ ಬೇಡ. ಸೂರಿನಿಂದ ಬಿದ್ದು ಹರಿದು ಹೋಗುವ ಮಳೆಯನ್ನು ಹಿಡಿಯಲು ನಾಲ್ಕು ಗಿಡ ಕಲಿಸುವುದಾದರೆ ಬೇಕು.

ಈಗ ನಿಮಗೊಂದು ಕೆಲಸ. ನಿಮ್ಮ ಊರಿನಲ್ಲಿ ಎಲ್ಲಕ್ಕಿಂತ ಹಳೆಯ ಗುಲಾಬಿ ಗಿಡ ಯಾರ ಮನೆಯಲ್ಲಿದೆ, ಹುಡುಕಿ. ಅದನ್ನು ಯಾರು ಎಲ್ಲಿಂದ ತಂದರು, ಯಾವ ನೀರು ಹಾಕಿ ಉಳಿಸಿದರು ಎಂದು ಕೇಳಿ ಬರೆದಿಡಿ. ಅದೂ ಚರಿತ್ರೆಯೇ. ಬರುವಾಗ ಒಂದು ತುಂಡನ್ನು ಕೇಳಿ ತರುವುದನ್ನು ಮರೆಯಬೇಡಿ.