ಆಸ್ಪತ್ರೆಗಳಿಗಾಗಿ ಅದೃಷ್ಟದ ಚೀಟಿ: ಐರ್ಲೆಂಡಿನ ಒಂದು ಇತಿಹಾಸ

ನಮ್ಮ ದೇವಾಲಯದ ಶತಮಾನೋತ್ಸವ ನಿಧಿಗೆಂದು ಅಚ್ಚು ಹಾಕಿಸಿದ ಬಹುಮಾನ ಚೀಟಿಗಳ ಪುಸ್ತಕಗಳು ಈಗಾಗಲೇ ಧರ್ಮಕೇಂದ್ರದ ಬಹುಪಾಲು ಮನೆಗಳನ್ನು ಮುಟ್ಟಿವೆ. ವರ್ಷವರ್ಷವೂ ಹಬ್ಬಕ್ಕೆ ಮುಂಚಿನ ವಾರಗಳಲ್ಲಿ ಇಂಥ ಪುಸ್ತಕಗಳು ಬರುವುದು, ನಮ್ಮ ಯುವಕರು ಅವನ್ನು ಹಿಡಿದು ಅಂಗಡಿಬೀದಿ, ಬಸ್ ನಿಲ್ದಾಣ ಎನ್ನದೆ ತಿರುಗುವುದು, ಹಬ್ಬದ ಸಂಜೆ ಮಗುವೊಂದರ ಕೈಯಿಂದ ಚೀಟಿ ಎತ್ತಿಸುವುದು ನಮಗೆಲ್ಲ ರೂಢಿಯಾದ ಸಂಗತಿ. ಆದರೆ ಈ ಬಾರಿ ಪುಸ್ತಕವನ್ನು ಕೈಗೆತ್ತಿಕೊಂಡ ಹಿರಿಯರೊಬ್ಬರು ನಮ್ಮನ್ನು ತಡೆದು ಕೇಳಿದರು: "ದೇವರ ಮನೆಯ ಕೆಲಸಕ್ಕೆ ಅದೃಷ್ಟದಾಟದ ಹಣ ಸಲ್ಲುವುದೇನಪ್ಪಾ?" ಆ ಪ್ರಶ್ನೆಗೆ ಅಂದು ನಾವು ನಕ್ಕು ಸುಮ್ಮನಾದೆವು. ಅದಕ್ಕೆ ನಗು ಉತ್ತರವಲ್ಲವೆಂಬುದು ಮನೆಗೆ ಬಂದಮೇಲೆ ತಿಳಿಯಿತು. ಈ ಲೇಖನ ಆ ಹಿರಿಯರಿಗೆ ನಾವು ಸಲ್ಲಿಸಬೇಕಾಗಿದ್ದ ಬಾಕಿ.

ಚೀಟಿ ಹಾಕುವುದರ ಪ್ರಸ್ತಾಪ ಹೊಸ ಒಡಂಬಡಿಕೆಯಲ್ಲಿಯೂ ಬರುತ್ತದೆ. ಶಿಲುಬೆಯ ಬುಡದಲ್ಲಿ ಸೈನಿಕರು ಸ್ವಾಮಿಯ ಅಂಗಿಗಾಗಿ ಚೀಟಿ ಹಾಕಿದರು. ಅದಾದ ಕೆಲವೇ ವಾರಗಳಲ್ಲಿ ಪ್ರೇಷಿತರು ಪ್ರಾರ್ಥಿಸಿ, ಯೂದನ ಸ್ಥಾನಕ್ಕೆ ಮತ್ತೀಯನನ್ನು ಆರಿಸಲು ಚೀಟಿ ಹಾಕಿದರು. ಸಾಧನ ಒಂದೇ, ಅದನ್ನು ಹಿಡಿದ ಕೈಗಳು ಬೇರೆ, ಉದ್ದೇಶ ಬೇರೆ. ಧರ್ಮಸಭೆಯ ಬೋಧನೆಯೂ ಈ ವಿವೇಕವನ್ನೇ ಅನುಸರಿಸಿದೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥದ 2413ನೆಯ ಪರಿಚ್ಛೇದವು ಅದೃಷ್ಟದಾಟವು ತನ್ನಷ್ಟಕ್ಕೆ ನ್ಯಾಯಕ್ಕೆ ವಿರುದ್ಧವಲ್ಲವೆಂದೂ, ಒಬ್ಬನ ಮತ್ತು ಅವನನ್ನು ನಂಬಿದವರ ಜೀವನಾವಶ್ಯಕತೆಯನ್ನು ಅದು ಕಸಿದುಕೊಂಡಾಗ ಅಸಮ್ಮತವಾಗುವುದೆಂದೂ ತಿಳಿಸುತ್ತದೆ. ಕೂಲಿಯ ಹಣ ಮನೆಗೆ ಬರುವ ಮುನ್ನವೇ ಲಾಟರಿ ಅಂಗಡಿಯಲ್ಲಿ ಕರಗುತ್ತಿದ್ದ ದಿನಗಳನ್ನು ನಮ್ಮ ರಾಜ್ಯವೂ ಕಂಡಿದೆ. 2007ರಲ್ಲಿ ಕರ್ನಾಟಕದಲ್ಲಿ ಲಾಟರಿಗಳಿಗೆ ನಿಷೇಧ ಬಂದದ್ದು ಓದುಗರಿಗೆ ನೆನಪಿರಬಹುದು.

ಧರ್ಮಕಾರ್ಯಕ್ಕಾಗಿ ಚೀಟಿಯ ಹಣವನ್ನು ಬಳಸಿದವರಲ್ಲಿ ಪೋರ್ತುಗಲ್ ದೇಶದ ಲಿಸ್ಬನ್ ನಗರದ ಸಾಂತಾ ಕಾಸಾ ದ ಮಿಸೆರಿಕೋರ್ದಿಯಾ ಪ್ರಸಿದ್ಧವಾದುದು. 1498ರಲ್ಲಿ ರಾಣಿ ಲಿಯೊನೋರಳ ಆಶ್ರಯದಲ್ಲಿ ಹುಟ್ಟಿದ ಈ ದಯಾಸಂಘಕ್ಕೆ ಗೋವೆಯಲ್ಲಿಯೂ ಅದೇ ಹೆಸರಿನ ಸೋದರ ಸಂಸ್ಥೆಯಿತ್ತು. 1783ರಲ್ಲಿ ರಾಣಿ ಒಂದನೆಯ ಮರಿಯಾ ಈ ಸಂಘಕ್ಕೆ ವಾರ್ಷಿಕ ಲಾಟರಿ ನಡೆಸಲು ಅಪ್ಪಣೆಯಿತ್ತಳು. ಲಾಭವು ಆಸ್ಪತ್ರೆಗೆ, ಅನಾಥ ಶಿಶುಗಳಿಗೆ ಹಾಗೂ ವಿಜ್ಞಾನ ಅಕಾಡೆಮಿಗೆ ಹಂಚಿಕೆಯಾಗಬೇಕೆಂಬ ಕಟ್ಟಳೆಯಿತ್ತು. ಅಲ್ಲಿ ಚೀಟಿ ಮಾರುವವರೂ ರೋಗಿಯನ್ನು ನೋಡಿಕೊಳ್ಳುವವರೂ ಒಂದೇ ಮನೆಯವರು. ಈ ಒಂದು ಸಂಗತಿಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಏಕೆಂದರೆ ಮುಂದೆ ನಾವು ಹೇಳಲಿರುವ ಐರ್ಲೆಂಡಿನ ಕಥೆ ಇಲ್ಲಿಯೇ ಬೇರೆ ದಾರಿ ಹಿಡಿಯುತ್ತದೆ.

1920ರ ದಶಕದಲ್ಲಿ ಐರ್ಲೆಂಡ್ ಹೊಸದಾಗಿ ಸ್ವತಂತ್ರವಾದ ಬಡ ದೇಶ. ರಾಜಧಾನಿ ಡಬ್ಲಿನ್ ನಗರದ ದೊಡ್ಡ ಆಸ್ಪತ್ರೆಗಳು ಸರ್ಕಾರದವಲ್ಲ, ದಾನದಿಂದ ನಡೆಯುವಂಥವು. ಸಂತ ವಿನ್ಸೆಂಟರ ಆಸ್ಪತ್ರೆ, ಮೇಟರ್ ಆಸ್ಪತ್ರೆ ಮುಂತಾದವನ್ನು ಕನ್ಯಾಸ್ತ್ರೀಯರು ನಡೆಸುತ್ತಿದ್ದರು. ಕೆಲವು ಪ್ರೊಟೆಸ್ಟಂಟ್ ಮಂಡಳಿಗಳ ಕೈಯಲ್ಲಿದ್ದವು. ಮೊದಲನೆಯ ಮಹಾಯುದ್ಧದ ತರುವಾಯ ಬೆಲೆಗಳು ಏರಿದವು. ಹಿಂದೆ ಕೈಬಿಚ್ಚಿ ಕೊಡುತ್ತಿದ್ದ ಜಮೀನುದಾರ ಮನೆತನಗಳಲ್ಲಿ ಹಲವು ದೇಶ ಬಿಟ್ಟವು, ಉಳಿದವು ಸೊರಗಿದವು. ಹೋಲ್ಸ್ ಬೀದಿಯಲ್ಲಿದ್ದ ರಾಷ್ಟ್ರೀಯ ಹೆರಿಗೆ ಆಸ್ಪತ್ರೆಯಂತೂ ಬಾಗಿಲು ಮುಚ್ಚುವ ಭಯದಲ್ಲಿತ್ತು. ಸುತ್ತಲಿನ ಕೇರಿಗಳ ಬಡ ತಾಯಂದಿರಿಗೆ ಬೇರೆ ಗತಿಯಿರಲಿಲ್ಲ.

ಇಲ್ಲಿ ರಿಚರ್ಡ್ ಡಗ್ಗನ್ ಎಂಬ ಪಂದ್ಯದ ವ್ಯಾಪಾರಿಯ ಪ್ರವೇಶವಾಗುತ್ತದೆ. 1918ರ ಅಕ್ಟೋಬರ್ 10ರಂದು ಲೀನ್ಸ್ಟರ್ ಎಂಬ ಅಂಚೆ ಹಡಗು ಜರ್ಮನ್ ಜಲಾಂತರ್ಗಾಮಿಯ ದಾಳಿಗೆ ತುತ್ತಾಗಿ 500ಕ್ಕೂ ಹೆಚ್ಚು ಜನ ಮುಳುಗಿದಾಗ, ಸಂತ್ರಸ್ತರ ನೆರವಿಗೆ ಕುದುರೆ ಪಂದ್ಯದ ಚೀಟಿ ನಡೆಸಿ ಹಣ ಕೂಡಿಸಿದ ಅನುಭವ ಅವನಿಗಿತ್ತು. ಅದೇ ಉಪಾಯವನ್ನು ಆಸ್ಪತ್ರೆಗಳಿಗೂ ಹೂಡಬಹುದೆಂದು ಅವನು ಸೂಚಿಸಿದನು. ಮಾಜಿ ಮಂತ್ರಿ ಜೋಸೆಫ್ ಮ್ಯಾಗ್ರಾ ಮತ್ತು ಕ್ಯಾಪ್ಟನ್ ಸ್ಪೆನ್ಸರ್ ಫ್ರೀಮನ್ ಜೊತೆಗೂಡಿದರು. ಲಾಟರಿ ಕಾನೂನುಬಾಹಿರವಾಗಿದ್ದುದರಿಂದ 1930ರಲ್ಲಿ ಸಂಸತ್ತು ಸಾರ್ವಜನಿಕ ಧರ್ಮಾರ್ಥ ಆಸ್ಪತ್ರೆಗಳ ತಾತ್ಕಾಲಿಕ ವಿಧಿಗಳ ಕಾಯಿದೆಯನ್ನು ಅಂಗೀಕರಿಸಿತು. ಹೆಸರಿನಲ್ಲಿ 'ತಾತ್ಕಾಲಿಕ' ಎಂದಿದ್ದರೂ ವ್ಯವಸ್ಥೆ ಅರ್ಧ ಶತಮಾನಕ್ಕೂ ಮೀರಿ ಬಾಳಿತು! ಚೀಟಿಯನ್ನು ನಡೆಸುವ ಹಕ್ಕು ಮಾತ್ರ ಆಸ್ಪತ್ರೆಗಳ ಕೈಯಲ್ಲಿ ಉಳಿಯದೆ, ಈ ಮೂವರ ಖಾಸಗಿ ಕಂಪೆನಿಯಾದ ಹಾಸ್ಪಿಟಲ್ಸ್ ಟ್ರಸ್ಟ್ ಲಿಮಿಟೆಡ್‌ಗೆ ಹೋಯಿತು.

ಈ 'ಸ್ವೀಪ್‌ಸ್ಟೇಕ್' ಅಥವಾ ಜನರ ಬಾಯಲ್ಲಿ 'ಸ್ವೀಪ್' ನಡೆಯುತ್ತಿದ್ದ ಬಗೆಯನ್ನು ಸ್ವಲ್ಪ ವಿವರಿಸಬೇಕು. ಟಿಕೆಟಿನ ಬೆಲೆ 10 ಷಿಲಿಂಗ್. ಅಂದಿನ ಕೂಲಿಗಾರನಿಗೆ ಅದು ಸಣ್ಣ ಮೊತ್ತವಲ್ಲ. ಹಲವರು ಸೇರಿ ಒಂದು ಟಿಕೆಟನ್ನು ಕೊಳ್ಳುವುದೂ ಇತ್ತು. ಮಾರುವವನಿಗೆ 12 ಟಿಕೆಟುಗಳ ಪುಸ್ತಕ ಕೊಟ್ಟು 10ರ ಹಣವನ್ನಷ್ಟೇ ಕೇಳುತ್ತಿದ್ದರು. ಮಿಕ್ಕ ಎರಡು ಅವನ ಶ್ರಮದ ಫಲ. ಕೌಂಟರ್‌ಫಾಯಿಲುಗಳೆಲ್ಲ ಡಬ್ಲಿನ್ನಿನಲ್ಲಿ ಒಂದು ಭಾರಿ ಪೀಪಾಯಿಯನ್ನು ಸೇರುತ್ತಿದ್ದವು. ಸಮವಸ್ತ್ರ ಧರಿಸಿದ ದಾದಿಯರು ಅದರಿಂದ ಒಂದೊಂದನ್ನೇ ಎತ್ತುವರು. ಇನ್ನೊಂದು ಪಾತ್ರೆಯಿಂದ ಮುಂಬರುವ ಪಂದ್ಯದ ಕುದುರೆಯೊಂದರ ಹೆಸರು ಹೊರಬರುವುದು. ಹೀಗೆ ಕುದುರೆ ದಕ್ಕಿದವನ ಅದೃಷ್ಟ ಆ ಕುದುರೆಯ ಕಾಲಿಗೆ ಗಂಟುಬಿದ್ದಂತೆ. ಅದು ಗೆದ್ದರೆ ಮೊದಲ ಬಹುಮಾನ, ಬರಿದೆ ಓಡಿದರೂ ಒಂದಿಷ್ಟು ಹಣ. ಮೊದಲ ಚೀಟಿ 1930ರ ನವೆಂಬರಿನಲ್ಲಿ ಮ್ಯಾಂಚೆಸ್ಟರಿನ ಪಂದ್ಯದ ಮೇಲೆ ನಡೆಯಿತು. ಆಸ್ಪತ್ರೆಗಳಿಗೆ ಬಂದ ಪಾಲು 1,30,000 ಪೌಂಡಿಗೂ ಮಿಕ್ಕಿತ್ತು. ಪ್ರವರ್ತಕರೇ ಇಷ್ಟನ್ನು ನಿರೀಕ್ಷಿಸಿರಲಿಲ್ಲ. ಮುಂದೆ ಗ್ರ್ಯಾಂಡ್ ನ್ಯಾಷನಲ್, ಡರ್ಬಿ ಮೊದಲಾದ ಪಂದ್ಯಗಳನ್ನು ಅನುಸರಿಸಿ ವರ್ಷಕ್ಕೆ ಹಲವು ಸಲ ಚೀಟಿ ಎತ್ತುವ ಪದ್ಧತಿ ನೆಲೆಗೊಂಡಿತು.

ಚೀಟಿ ಎತ್ತುವ ದಿನವೇ ಒಂದು ಜಾತ್ರೆ. ಹುಡುಗಿಯರು ಜಾಕಿಗಳ ವೇಷ ಹಾಕಿ ಮೆರವಣಿಗೆ ಹೊರಡುತ್ತಿದ್ದರು. ವಾರ್ತಾಚಿತ್ರಗಳು ಆ ದೃಶ್ಯವನ್ನು ದೇಶವಿದೇಶಗಳಿಗೆ ಒಯ್ದವು. ರೇಡಿಯೋದಲ್ಲಿ ರಾತ್ರಿಯ ವೇಳೆ ಸ್ವೀಪಿನದೇ ಪ್ರಾಯೋಜಿತ ಸಂಗೀತ ಕಾರ್ಯಕ್ರಮ. ಬಿಳಿಯುಡುಗೆಯ ದಾದಿ ಚೀಟಿ ಎತ್ತುವ ಚಿತ್ರವನ್ನು ಕಂಡವನಿಗೆ ಟಿಕೆಟ್ ಕೊಳ್ಳುವುದು ಜೂಜಾಗಿ ತೋರಲಿಲ್ಲ, ಧರ್ಮವಾಗಿಯೇ ತೋರಿತು. ಆ ಚಿತ್ರದ ಮಹಿಮೆಯನ್ನು ಪ್ರವರ್ತಕರು ಚೆನ್ನಾಗಿ ಬಲ್ಲವರಾಗಿದ್ದರು.

ಟಿಕೆಟುಗಳಲ್ಲಿ ಬಹುಭಾಗ ಬಿಕರಿಯಾದುದು ಐರ್ಲೆಂಡಿನಲ್ಲಲ್ಲ. ಮೊದಮೊದಲು ಬ್ರಿಟನ್ನಿನಲ್ಲಿ, ಆಮೇಲೆ ಅಮೆರಿಕದಲ್ಲಿ. ಎರಡು ದೇಶಗಳಲ್ಲಿಯೂ ಇದು ಕಾನೂನಿಗೆ ವಿರುದ್ಧ. ತನ್ನ ಪ್ರಜೆಗಳ ಹಣ ಸಮುದ್ರ ದಾಟುವುದನ್ನು ಕಂಡ ಬ್ರಿಟನ್ ರಾಜ ಆಯೋಗವೊಂದನ್ನು ನೇಮಿಸಿ, 1934ರಲ್ಲಿ ಪಂದ್ಯ ಮತ್ತು ಲಾಟರಿಗಳ ಕಾಯಿದೆಯನ್ನು ತಂದು ದಾರಿ ಕಟ್ಟಿತು. ಅಮೆರಿಕಕ್ಕೆ ಟಿಕೆಟುಗಳು ಹಡಗಿನ ಸರಕಿನೊಳಗೆ ಅಡಗಿ ಹೋದವು. ಮ್ಯಾಗ್ರಾ ಸ್ವಾತಂತ್ರ್ಯ ಹೋರಾಟದ ಕಾಲದ ತನ್ನ ಹಳೆಯ ಸಂಗಾತಿಗಳನ್ನು ಅಲ್ಲಿ ಏಜೆಂಟರನ್ನಾಗಿ ಮಾಡಿಕೊಂಡನು. ಹಣ ಖಾಸಗಿ ಮನೆಗಳ ವಿಳಾಸಕ್ಕೆ ಬರುತ್ತಿತ್ತು. ನಕಲಿ ಟಿಕೆಟುಗಳೂ ಹುಟ್ಟಿಕೊಂಡವು. ಪರದೇಶದಲ್ಲಿ ಕೊಂಡವನ ಟಿಕೆಟು ಪೀಪಾಯಿ ಸೇರಿತೋ ಇಲ್ಲವೋ ಎಂಬುದು ಅವನಿಗೆ ತಿಳಿಯುವಂತಿರಲಿಲ್ಲ. ರೋಗಿಗಳ ಹೆಸರಿನಲ್ಲಿ ಕಳ್ಳಸಾಗಣೆ! ಇದನ್ನು ಓದುವಾಗ ನಮಗೆ ನಗು ಬರುತ್ತದೆ, ನಕ್ಕಮೇಲೆ ಕಸಿವಿಸಿಯೂ ಆಗುತ್ತದೆ.

ಒಳಿತಾಗಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಹೋಲ್ಸ್ ಬೀದಿಯ ಹೆರಿಗೆ ಆಸ್ಪತ್ರೆ 1930ರ ದಶಕದಲ್ಲಿ ಹೊಸ ಕಟ್ಟಡ ಕಂಡಿತು. ಜಿಲ್ಲೆಜಿಲ್ಲೆಗಳಲ್ಲಿ ಆಸ್ಪತ್ರೆಗಳೆದ್ದವು. 1933ರ ಕಾಯಿದೆಯಂತೆ ಹಣದ ಹಂಚಿಕೆಗೆ ಆಸ್ಪತ್ರೆಗಳ ಆಯೋಗ ಏರ್ಪಟ್ಟಿತು. 1948ರಲ್ಲಿ ಆರೋಗ್ಯ ಮಂತ್ರಿಯಾದ ಡಾ. ನೋಯೆಲ್ ಬ್ರೌನ್ ಕ್ಷಯರೋಗಕ್ಕೆ ತನ್ನ ತಂದೆತಾಯಿಯರನ್ನೇ ಕಳೆದುಕೊಂಡಿದ್ದವರು. ಅವರು ಆಸ್ಪತ್ರೆ ನಿಧಿಯ ಬಡ್ಡಿಗಾಗಿ ಕಾಯದೆ ಅಸಲನ್ನೇ ತೆಗೆದು ಕ್ಷಯರೋಗಿಗಳ ಹಾಸಿಗೆಗಳಿಗೆ ಸುರಿದರು. ಹೊಸ ಔಷಧಿಗಳೂ ಅದೇ ಕಾಲಕ್ಕೆ ಒದಗಿ ಬಂದವು. ಮನೆಮನೆಯಲ್ಲಿ ಮರೆಮಾಚುತ್ತಿದ್ದ ಆ ಕಾಯಿಲೆಯಿಂದ ಸಾಯುವವರ ಸಂಖ್ಯೆ ಕೆಲವೇ ವರ್ಷಗಳಲ್ಲಿ ವೇಗವಾಗಿ ಇಳಿಯಿತು. ಆ ಹಾಸಿಗೆಯಲ್ಲಿ ಮಲಗಿ ಗುಣವಾಗಿ ಮನೆಗೆ ಮರಳಿದವನ ಎದುರು ನಿಂತು, ಈ ಹಣ ಕುದುರೆಯ ಹಣವೆಂದು ಮೂಗು ಮುರಿಯುವ ಧೈರ್ಯ ನಮಗಿಲ್ಲ.

ಆದರೂ ಬೇಡವೆಂದವರು ಇದ್ದರು. ಡಬ್ಲಿನ್ನಿನ ಪ್ರೊಟೆಸ್ಟಂಟ್ ಆಸ್ಪತ್ರೆಯಾದ ಅಡಿಲೇಡ್, ಜೂಜಿನ ಹಣ ತನ್ನ ಮನಸ್ಸಾಕ್ಷಿಗೆ ಒಪ್ಪದೆಂದು ಸ್ವೀಪಿನಿಂದ ದೂರ ಉಳಿಯಿತು. ನೆರೆಯ ಆಸ್ಪತ್ರೆಗಳಿಗೆ ಹಣ ಹರಿದುಬರುತ್ತಿರುವಾಗ ಆ ನಿರ್ಧಾರಕ್ಕೆ ಅಂಟಿಕೊಳ್ಳುವುದು ಸುಲಭವಾಗಿರಲಿಲ್ಲ. ಅವರ ವಾದವನ್ನು ನಾವು ಪೂರ್ಣವಾಗಿ ಒಪ್ಪದಿರಬಹುದು, ಅವರ ನಿಷ್ಠೆಯನ್ನು ಗೌರವಿಸಲೇಬೇಕು. ಅಲ್ಲದೆ ಉಳಿದವರು ಎಣಿಸದಿದ್ದ ಒಂದು ನಷ್ಟದಿಂದ ಅವರು ಪಾರಾದರು. ಸ್ವೀಪಿನ ಹಣ ಬರತೊಡಗಿದ ಮೇಲೆ ಇತರ ಆಸ್ಪತ್ರೆಗಳಿಗೆ ಜನರ ನೇರ ದಾನ ಬತ್ತತೊಡಗಿತು. ಆಸ್ಪತ್ರೆಗೆ ಕುದುರೆಗಳು ದುಡಿಯುತ್ತಿರುವಾಗ ನಾವೇಕೆ ಕೊಡಬೇಕು ಎನ್ನುವುದು ಸಹಜ. ಆಸ್ಪತ್ರೆಗಳ ವಾರ್ಷಿಕ ಕೊರತೆಯನ್ನು ನಿಧಿಯಿಂದಲೇ ತುಂಬಿಕೊಡುತ್ತಿದ್ದುದರಿಂದ ಮಿತವ್ಯಯಕ್ಕೂ ಪ್ರೋತ್ಸಾಹ ಉಳಿಯಲಿಲ್ಲ. ಕೊರತೆ ತೋರಿಸಿದವನಿಗೆ ಹಣ, ಉಳಿಸಿದವನಿಗೆ ಬರಿಗೈ.

ಇಷ್ಟರ ನಡುವೆ ಪ್ರವರ್ತಕರ ಐಶ್ವರ್ಯ ಬೆಳೆಯಿತು. 1950ರಲ್ಲಿ ಮ್ಯಾಗ್ರಾ ವಾಟರ್‌ಫೋರ್ಡ್ ಗಾಜಿನ ಕಾರ್ಖಾನೆಗೆ ಬಂಡವಾಳ ಹೂಡಿದನು. 1951ರ ಡರ್ಬಿಯನ್ನು ಗೆದ್ದ ಆರ್ಕ್ಟಿಕ್ ಪ್ರಿನ್ಸ್ ಅವನ ಕುದುರೆ. ಆಸ್ಪತ್ರೆಗಳಿಗೆ ಎಷ್ಟು ಹೋಯಿತೆಂಬುದು ಪ್ರಕಟವಾಗುತ್ತಿತ್ತು. ಒಟ್ಟು ಎಷ್ಟು ಬಂತು, ನಡುವೆ ಎಷ್ಟು ಕರಗಿತು ಎಂಬುದು ಕೊಂಡವನ ಕಣ್ಣಿಗೆ ಬೀಳುತ್ತಿರಲಿಲ್ಲ. ಮಾರಾಟಗಾರನ ಪಾಲು, ಏಜೆಂಟನ ಪಾಲು, ಸಾಗಣೆ, ಪ್ರಚಾರ, ಪ್ರವರ್ತಕರ ಸಂಭಾವನೆ, ಇಷ್ಟೂ ಕಳೆದು ಉಳಿದದ್ದೇ ರೋಗಿಗೆ. 1973ರ ಜನವರಿ 21ರಂದು ಡಬ್ಲಿನ್ನಿನ ಸಂಡೇ ಇಂಡಿಪೆಂಡೆಂಟ್ ಪತ್ರಿಕೆಯಲ್ಲಿ ಜೋ ಮ್ಯಾಕ್ಆಂಟನಿ ಎಂಬ ಪತ್ರಕರ್ತರು ಈ ಲೆಕ್ಕವನ್ನು ಬಿಡಿಸಿಟ್ಟರು. ಟಿಕೆಟಿನ ಮುಖಬೆಲೆಯಲ್ಲಿ ಹತ್ತನೆಯ ಒಂದು ಪಾಲೂ ಆಸ್ಪತ್ರೆಯನ್ನು ಮುಟ್ಟುತ್ತಿಲ್ಲವೆಂದು ಅವರ ವರದಿ ತೋರಿಸಿತು. 40 ವರ್ಷಗಳ ಕಾಲ ಯಾರೂ ಗಟ್ಟಿಯಾಗಿ ಕೇಳದ ಪ್ರಶ್ನೆಯದು. ಕೇಳಿದವರು ಮುಂದೆ ದೇಶ ಬಿಟ್ಟು ಕೆನಡಾದಲ್ಲಿ ನೆಲೆಸಿದರು.

ನಮ್ಮ ಹಿರಿಯರ ಪ್ರಶ್ನೆಗೆ ನಮಗೆ ಇಲ್ಲಿ ಉತ್ತರ ಸಿಕ್ಕಿತು. ದಾದಿಯ ಕೈ ಪೀಪಾಯಿಗೆ ಇಳಿದದ್ದರಲ್ಲಿ ದೋಷವಿರಲಿಲ್ಲ; ಲೆಕ್ಕದ ಪುಸ್ತಕ ಆಸ್ಪತ್ರೆಯ ಕೈಬಿಟ್ಟು ಬೇರೊಬ್ಬರ ಬೀರುವಿನಲ್ಲಿ ಕುಳಿತಿತಲ್ಲ, ಅಲ್ಲಿತ್ತು. ಆದುದರಿಂದ ನಮ್ಮ ಚೀಟಿ ಪುಸ್ತಕಗಳ ವಿಷಯದಲ್ಲಿ ನಾವು ಸಮಿತಿಗೆ ಒಂದು ಬಿನ್ನಹ ಮಾಡಿಕೊಂಡಿದ್ದೇವೆ. ಎಷ್ಟು ಪುಸ್ತಕ ಅಚ್ಚಾಯಿತು, ಎಷ್ಟು ಮರಳಿತು, ಅಚ್ಚಿಗೂ ಬಹುಮಾನಕ್ಕೂ ಎಷ್ಟು ಹೋಯಿತು, ರೂಪಾಯಿಗೆ ಎಷ್ಟು ಪೈಸೆ ಗೋಡೆಗೆ ಸೇರಿತು ಎಂಬುದನ್ನು ಭಾನುವಾರದ ಪೂಜೆಯ ನಂತರ ಓದಿ ಹೇಳಿ, ದೇವಾಲಯದ ಬಾಗಿಲ ಬಳಿಯ ಫಲಕದಲ್ಲಿ ಅಂಟಿಸಬೇಕು. ಸರ್ಕಾರದ ಅನುಮತಿಯಿಲ್ಲದೆ ಲಾಟರಿ ನಡೆಸುವುದನ್ನು 1870ರಿಂದಲೇ ದಂಡ ಸಂಹಿತೆಯ 294ಎ ವಿಧಿ ಅಪರಾಧವೆಂದು ಎಣಿಸಿತ್ತು; 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಆ ನಿಯಮ ಉಳಿದಿದೆ. ಇದನ್ನು ಅರಿತವರೊಬ್ಬರ ಸಲಹೆ ಪಡೆಯುವುದೂ ಒಳ್ಳೆಯದೆಂದು ತಿಳಿಸಿದ್ದೇವೆ. ಚೀಟಿ ಬೇಡವೆನ್ನುವ ಮನೆಯವರು ಅದೇ ಮೊತ್ತವನ್ನು ರಸೀದಿ ಪಡೆದು ಕಾಣಿಕೆಯಾಗಿ ಕೊಡಲು ಅವಕಾಶವಿರಬೇಕೆಂಬುದು ಆ ಹಿರಿಯರದೇ ಸೂಚನೆ.

ಐರಿಷ್ ಸ್ವೀಪಿನ ಕೊನೆಯನ್ನು ಹೇಳುವುದು ಬಾಕಿಯಿದೆ. ಅಮೆರಿಕದ ಸಂಸ್ಥಾನಗಳು ತಮ್ಮವೇ ಲಾಟರಿಗಳನ್ನು ತೆರೆದಂತೆ ಅದರ ಮಾರುಕಟ್ಟೆ ಕುಗ್ಗಿತು. 1986ರಲ್ಲಿ ಐರ್ಲೆಂಡ್ ಸರ್ಕಾರ ರಾಷ್ಟ್ರೀಯ ಲಾಟರಿಯ ಪರವಾನಗಿಯನ್ನು ಅಂಚೆ ಸಂಸ್ಥೆಗೆ ಕೊಟ್ಟಿತು. ಸ್ವೀಪಿನ ಕಂಪೆನಿಯ ಅರ್ಜಿ ತಿರಸ್ಕೃತವಾಯಿತು. 1987ರಲ್ಲಿ ಕಂಪೆನಿ ಮುಚ್ಚಿತು. ಒಂದು ಕಾಲಕ್ಕೆ ಬಾಲ್ಸ್‌ಬ್ರಿಜ್ ಬಡಾವಣೆಯ ಅದರ ಕಚೇರಿಯಲ್ಲಿ ಸಾವಿರಾರು ಹೆಂಗಸರು ಕುಳಿತು ಕೌಂಟರ್‌ಫಾಯಿಲುಗಳನ್ನು ವಿಂಗಡಿಸುತ್ತಿದ್ದರು. ಕಡೆಯವರೆಗೆ ಉಳಿದ ಕೆಲಸಗಾರರಲ್ಲಿ ಹೆಚ್ಚಿನವರು ವಯಸ್ಸಾದ ಹೆಂಗಸರು. ಅವರಿಗೆ ಪಿಂಚಣಿ ದೊರೆಯಲಿಲ್ಲ. ಆ ಕಚೇರಿಯನ್ನು ಆಮೇಲೆ ಕೆಡವಲಾಯಿತು. ಹೋಲ್ಸ್ ಬೀದಿಯ ಆಸ್ಪತ್ರೆಯ ಕಟ್ಟಡ ನಿಂತಿದೆ. ಅದರಲ್ಲಿ ಇಂದಿಗೂ ಮಕ್ಕಳು ಹುಟ್ಟುತ್ತಿವೆ.