ಗಂಗೆಯ ದಡದಲ್ಲಿ ಹುಟ್ಟಿದ ಹಾಡುಗಳು

ಧ್ಯಾನ ಕಲಿಯಲು ಹೊರದೇಶಕ್ಕೆ ಹೋದವರು ಹಾಡು ಕಟ್ಟಿಕೊಂಡು ಮರಳಿದ ಕಥೆ ಇದು.

1967ರ ಆಗಸ್ಟ್‌ನಲ್ಲಿ ಬೀಟಲ್ಸ್ ತಂಡದ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್ ತೀರಿಕೊಂಡರು. ಮರುವರ್ಷ ಫೆಬ್ರವರಿಯಲ್ಲಿ ತಂಡದ ನಾಲ್ವರೂ ಇಂಗ್ಲೆಂಡಿನಿಂದ ಹೃಷಿಕೇಶಕ್ಕೆ, ಮಹರ್ಷಿ ಮಹೇಶ್ ಯೋಗಿಯವರ ಆಶ್ರಮಕ್ಕೆ ಬಂದರು. ಅಲ್ಲಿ ಗಂಟೆಗಟ್ಟಲೆ ಧ್ಯಾನ, ಮಹರ್ಷಿಗಳ ಉಪನ್ಯಾಸ. ಉಳಿದ ಹೊತ್ತು ಗಿಟಾರ್. ಜೊತೆಗಿದ್ದ ಗಾಯಕ ಡೊನೊವನ್, ಬೆರಳುಗಳಿಂದಲೇ ತಂತಿ ಮೀಟುವ ಒಂದು ಬಗೆಯನ್ನು ಜಾನ್ ಲೆನನ್‌ಗೆ ಕಲಿಸಿದರು. ಆ ಮೀಟಿನಲ್ಲೇ ಲೆನನ್ ‘ಜೂಲಿಯಾ’ ಕಟ್ಟಿದರು. ಜೂಲಿಯಾ ಅವರ ತಾಯಿ. 1958ರಲ್ಲಿ ಕಾರು ಬಡಿದು ಆಕೆ ಸತ್ತಾಗ ಮಗನಿಗೆ 17 ವರ್ಷ. ಹತ್ತು ವರ್ಷದ ಆ ನೋವಿಗೆ ಗಂಗೆಯ ದಡದಲ್ಲಿ ಹಾಡು ಸಿಕ್ಕಿತು.

ಪ್ರವಾಸವೇನೂ ಸುಖವಾಗಿ ಮುಗಿಯಲಿಲ್ಲ. ಆಶ್ರಮದ ಊಟ ಒಗ್ಗದೆ ರಿಂಗೋ ಸ್ಟಾರ್ ಸುಮಾರು ಹತ್ತು ದಿನಕ್ಕೇ ಹೊರಟರು. ಮಾರ್ಚ್‌ನಲ್ಲಿ ಪಾಲ್ ಮೆಕಾರ್ಟ್ನಿ ಹೋದರು. ಏಪ್ರಿಲ್‌ನಲ್ಲಿ ಲೆನನ್ ಮಹರ್ಷಿಗಳ ಮೇಲೆ ಮುನಿಸಿಕೊಂಡು ಆಶ್ರಮ ಬಿಟ್ಟರು. ಜೊತೆಗೆ ಜಾರ್ಜ್ ಹ್ಯಾರಿಸನ್ ಕೂಡ. ಆದರೆ 1968ರ ನವೆಂಬರ್ 22ರಂದು ಹೊರಬಂದ, 30 ಹಾಡುಗಳ ‘ವೈಟ್ ಆಲ್ಬಂ’ನ ಹಲವು ಹಾಡುಗಳು ಹುಟ್ಟಿದ್ದು ಅಲ್ಲೇ.

ಹುಡುಕಿ ಹೋದ ನೆಮ್ಮದಿ ಅವರಿಗೆ ಸಿಕ್ಕಿತೋ ಇಲ್ಲವೋ, ಗದ್ದಲವಿಲ್ಲದ ಒಂದಿಷ್ಟು ಬಿಡುವಂತೂ ಸಿಕ್ಕಿತು. ಮಗನೊಬ್ಬ ತಾಯಿಯನ್ನು ನೆನೆಯಲು ಅಷ್ಟು ಸಾಕಾಯಿತು.